ಗುಂಡೇಟು ತಿಂದ ಬಾಕ್ಸರ್ ಈಜಿ ಗೆದ್ದದ್ದು ಹೇಗೆ?

1972ರ ಆಗಸ್ಟ್ ತಿಂಗಳು. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಇಪ್ಪತ್ತೇಳು ವರ್ಷದ ಭಾರತೀಯರೊಬ್ಬರು 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿದರು. ಅವರ ವರ್ಗದಲ್ಲಿ ಅದು ವಿಶ್ವದಾಖಲೆ, ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಲೆಕ್ಕ ಹಾಕಿದರೆ ಅವರ ವೇಗ ಗಂಟೆಗೆ 4.8 ಕಿಲೋಮೀಟರ್. ಆರೋಗ್ಯವಂತರು ನೆಲದ ಮೇಲೆ ಬಿರುಸಾಗಿ ನಡೆಯುವ ವೇಗ ಅದು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ್ದ ಮುರಳೀಕಾಂತ ಪೇಟ್ಕರ್ ಆ ವೇಗವನ್ನು ನೀರಿನಲ್ಲಿ, ಬರೀ ರಟ್ಟೆಯ ಬಲದಿಂದ ಸಾಧಿಸಿದ್ದರು.

ಪೇಟ್ಕರ್ ನಮ್ಮ ನೆರೆಯವರೇ. ಹುಟ್ಟಿದ್ದು 1944ರಲ್ಲಿ, ಸಾಂಗ್ಲಿ ಜಿಲ್ಲೆಯ ಪೇಠ್ ಇಸ್ಲಾಂಪುರದಲ್ಲಿ. ಸೈನ್ಯದ ಯಂತ್ರೋಪಕರಣಗಳನ್ನು ನೋಡಿಕೊಳ್ಳುವ ಇಎಂಇ ದಳಕ್ಕೆ ಸೇರಿ ಸಿಕಂದರಾಬಾದಿನಲ್ಲಿ ಬಾಕ್ಸರ್ ಆದರು. ಮುಂದೆ ನೌಕರಿ, ಮನೆ ಎಲ್ಲ ಪುಣೆಯಲ್ಲಿ. ನಮ್ಮ ಆಳಂದ ತಾಲ್ಲೂಕಿನ ನಿಂಬರ್ಗಾದವರಿಗೆ ಸಿಕಂದರಾಬಾದ್, ಪುಣೆ ಎರಡೂ ದೂರದವಲ್ಲ. ದುಡಿಮೆಗೆ, ದವಾಖಾನೆಗೆ ನಮ್ಮ ಕಡೆಯ ಜನ ಕಲಬುರಗಿಯಲ್ಲಿ ರೈಲು ಹತ್ತಿ ಒಂದೋ ಹೈದರಾಬಾದಿನ ಕಡೆ, ಇಲ್ಲವೇ ಸೊಲ್ಲಾಪುರ, ಪುಣೆಯ ಕಡೆ ಹೋಗುತ್ತಾರೆ. ಪೇಟ್ಕರ್ ಅವರ ಬದುಕಿನ ಬಹುಭಾಗ ಕಳೆದದ್ದು ಆ ಹಳಿಯ ಎರಡು ತುದಿಗಳಲ್ಲಿ.

1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಅವರಿಗೆ ಹಲವು ಗುಂಡುಗಳು ತಗುಲಿದವು. ಬೆನ್ನಿಗೆ ಬಿದ್ದ ಪೆಟ್ಟಿನಿಂದ ಸೊಂಟದ ಕೆಳಗಿನ ಸ್ವಾಧೀನ ತಪ್ಪಿತು. ಆಗ ಅವರಿಗೆ ಇಪ್ಪತ್ತು ವರ್ಷ. 2024ರಲ್ಲಿ ಅವರ ಬದುಕನ್ನು ಆಧರಿಸಿ ‘ಚಂದು ಚಾಂಪಿಯನ್’ ಎಂಬ ಹಿಂದಿ ಚಿತ್ರ ಬಂತು. ಇಂಥ ಕಥೆ ಕೇಳಿದವರೆಲ್ಲ ಮೆಚ್ಚುವುದು ಛಲವನ್ನು. ಛಲ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆನ್ನುಹುರಿಗೆ ಪೆಟ್ಟಾದ ದೇಹ ಏಳು ವರ್ಷದಲ್ಲಿ ವಿಶ್ವದಾಖಲೆ ಬರೆಯಬೇಕಾದರೆ ಛಲದ ಜೊತೆಗೆ ಇನ್ನೂ ಮೂರು ಕೂಡಿಬರಬೇಕು: ಮೊದಲು ಜೀವ ಉಳಿಸುವ ಆರೈಕೆ, ಆಮೇಲೆ ದೇಹದಲ್ಲಿ ಉಳಿದಿರುವ ಬಲದ ಸರಿಯಾದ ಲೆಕ್ಕ, ಕೊನೆಗೆ ಆ ಬಲಕ್ಕೆ ಒಪ್ಪುವ ಆಟ.

ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಅದರಿಂದ 31 ಜೋಡಿ ನರಗಳು ಹೊರಡುತ್ತವೆ. ಕುತ್ತಿಗೆ ಭಾಗದ ನರಗಳು ಭುಜಕ್ಕೂ ತೋಳಿಗೂ ಹೋಗುತ್ತವೆ, ಎದೆಭಾಗದವು ಪಕ್ಕೆಗೂ ಹೊಟ್ಟೆಗೂ, ಅದಕ್ಕಿಂತ ಕೆಳಗಿನವು ಕಾಲಿಗೂ ಮೂತ್ರಕೋಶಕ್ಕೂ. ಪೆಟ್ಟು ಎಲ್ಲಿ ಬಿತ್ತೋ ಅಲ್ಲಿಂದ ಕೆಳಗೆ ಮೆದುಳಿನ ಅಪ್ಪಣೆ ತಲುಪುವುದಿಲ್ಲ, ಅಲ್ಲಿನ ಸುದ್ದಿ ಮೆದುಳಿಗೆ ಬರುವುದೂ ಇಲ್ಲ. ಕುತ್ತಿಗೆಯಲ್ಲಿ ಪೆಟ್ಟಾದರೆ ಕೈಕಾಲು ಎರಡೂ ಹೋಗುತ್ತವೆ. ಅದಕ್ಕಿಂತ ಕೆಳಗಾದರೆ ಕೈ ಉಳಿಯುತ್ತದೆ.

ಗುಂಡು ಮಾಡುವ ಹಾನಿ ಆ ಕ್ಷಣಕ್ಕೇ ಮುಗಿಯುವುದಿಲ್ಲ. ಮುಂದಿನ ಕೆಲವು ಗಂಟೆ, ಕೆಲವು ದಿನ ಆ ಜಾಗದಲ್ಲಿ ಬಾವು ಏರುತ್ತದೆ, ರಕ್ತ ಸಂಚಾರ ಕುಗ್ಗುತ್ತದೆ, ಮೊದಲ ಪೆಟ್ಟಿನಲ್ಲಿ ಬದುಕಿದ್ದ ಜೀವಕೋಶಗಳೂ ಸಾಯುತ್ತವೆ. ಕೈಯಲ್ಲಿ ನರ ತುಂಡಾದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಯ ತಂತುಗಳಿಗೆ ಆ ಭಾಗ್ಯವಿಲ್ಲ. ಪೆಟ್ಟಿನ ಜಾಗದಲ್ಲಿ ಕಟ್ಟಿಕೊಳ್ಳುವ ಗಾಯದ ಕಲೆಯೂ, ತಂತುಗಳ ಸುತ್ತಲಿನ ಹೊದಿಕೆಯಲ್ಲಿರುವ ಕೆಲವು ಪ್ರೋಟೀನುಗಳೂ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಜಗತ್ತಿನ ಪ್ರಯೋಗಾಲಯಗಳು ಈ ತಡೆಯನ್ನು ದಾಟಲು ಇಂದಿಗೂ ಹೆಣಗುತ್ತಿವೆ.

ಇಷ್ಟಾದರೂ ಇಂಥವರ ಜೀವ ತೆಗೆಯುತ್ತಿದ್ದದ್ದು ಹೆಚ್ಚಾಗಿ ಬೆನ್ನುಹುರಿಯ ಗಾಯವಲ್ಲ. ಸ್ಪರ್ಶಜ್ಞಾನ ಇಲ್ಲದ ಚರ್ಮ ಒಂದೇ ಕಡೆ ಒತ್ತಿದರೆ ರಕ್ತ ಹರಿಯದೆ ಕೊಳೆಯುತ್ತದೆ. ಅದೇ ಹಾಸಿಗೆ ಹುಣ್ಣು. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಹುಟ್ಟಿ ಮೂತ್ರಪಿಂಡಕ್ಕೆ ಏರುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಲ್ಲಿ ಬಹುಪಾಲು ಜನ ಸತ್ತದ್ದು ಇವೆರಡರಿಂದ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡ್ ಸೇರಿದ ಯೆಹೂದಿ ವೈದ್ಯ ಲುಡ್ವಿಗ್ ಗುಟ್ಮನ್, 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಈ ರೋಗಿಗಳ ವಿಭಾಗ ತೆರೆದರು. ಅವರ ಮೊದಲ ಕಟ್ಟುನಿಟ್ಟು: ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು. ಮೂತ್ರದ ನಳಿಕೆ ಚೊಕ್ಕಟವಾಗಿರಬೇಕು. ಸಾಯಲು ಬಿಟ್ಟಿದ್ದವರು ಬದುಕತೊಡಗಿದರು. ಬದುಕಿದವರ ಕೈಗೆ ಗುಟ್ಮನ್ ಚೆಂಡು, ಬಿಲ್ಲು ಕೊಟ್ಟರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, 16 ಮಂದಿ ಗಾಯಾಳುಗಳು ಆ ಆಸ್ಪತ್ರೆಯ ಅಂಗಳದಲ್ಲಿ ಬಿಲ್ಲುಗಾರಿಕೆಯಲ್ಲಿ ಸೆಣಸಿದರು. ಅದೇ ಬೆಳೆದು 1960ರಲ್ಲಿ ರೋಮ್‌ನಲ್ಲಿ ಪ್ಯಾರಾಲಿಂಪಿಕ್ಸ್ ಆಯಿತು. ಹನ್ನೆರಡು ವರ್ಷದ ನಂತರ ಕ್ರೀಡಾಕೂಟ ನಡೆದದ್ದು ಗುಟ್ಮನ್ ಜೀವ ಉಳಿಸಿಕೊಳ್ಳಲು ಬಿಟ್ಟುಬಂದಿದ್ದ ಜರ್ಮನಿಯಲ್ಲಿ.

ಪೇಟ್ಕರ್‌ಗೆ ಮುಂಬಯಿಯ ನೌಕಾಪಡೆಯ ಆಸ್ಪತ್ರೆ ಅಶ್ವಿನಿಯಲ್ಲಿ ಚಿಕಿತ್ಸೆ ನಡೆಯಿತು. ಅವರ ಈಜು ಶುರುವಾದದ್ದು ಚಿಕಿತ್ಸೆಯ ಭಾಗವಾಗಿ. ಇದಕ್ಕೆ ಕಾರಣವಿದೆ. ಕುತ್ತಿಗೆಯವರೆಗೆ ನೀರಿನಲ್ಲಿ ಇಳಿದರೆ ದೇಹದ ಭಾರ ಹತ್ತನೇ ಒಂದು ಪಾಲಿನಷ್ಟು ಮಾತ್ರ ಉಳಿಯುತ್ತದೆ. ಸ್ವಾಧೀನವಿಲ್ಲದ ಕಾಲುಗಳ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತಲಾರವು, ಹಾಗಾಗಿ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ನೀರಿನ ಒತ್ತಡ ಅದನ್ನು ಹೃದಯದ ಕಡೆ ದಬ್ಬುತ್ತದೆ. ತೋಳು ಯಾವ ದಿಕ್ಕಿಗೆ ಆಡಿದರೂ ನೀರು ಎದುರೊತ್ತುವುದರಿಂದ ಸ್ನಾಯುವಿಗೆ ಎಲ್ಲ ಕಡೆಯಿಂದಲೂ ವ್ಯಾಯಾಮ.

ಫ್ರೀಸ್ಟೈಲ್‌ನಲ್ಲಿ ದೇಹವನ್ನು ಮುಂದೆ ಒಯ್ಯುವ ಬಲದಲ್ಲಿ ಹೆಚ್ಚಿನದು ತೋಳಿನದೇ. ಕಾಲು ಬಡಿಯುವುದು ಮುಖ್ಯವಾಗಿ ದೇಹವನ್ನು ನೀರಿನ ಮಟ್ಟದಲ್ಲಿ ನೆಟ್ಟಗೆ ಇಡಲಿಕ್ಕೆ. ಕಾಲು ಆಡದ ಈಜುಗಾರನಿಗೆ ಆ ಅನುಕೂಲವಿಲ್ಲ. ಹಿಂದೆ ಎಳೆಯುವ ಕಾಲುಗಳ ತಡೆಯನ್ನೂ ತೋಳೇ ಗೆಲ್ಲಬೇಕು, ಸಮತೋಲವನ್ನೂ ತಲೆ, ಭುಜಗಳೇ ಕಾಯಬೇಕು.

ಇಲ್ಲಿ ದೇಹರಚನೆಯ ಒಂದು ಸೊಗಸು ಇದೆ. ಬೆನ್ನಿನ ಎರಡೂ ಬದಿಗೆ ಹರಡಿಕೊಂಡ ದೊಡ್ಡ ಸ್ನಾಯು ಲ್ಯಾಟಿಸಿಮಸ್ ಡಾರ್ಸೈ. ಇದರ ಒಂದು ತುದಿ ತೋಳಿನ ಮೂಳೆಯಲ್ಲಿದೆ, ಇನ್ನೊಂದು ಬೆನ್ನೆಲುಬಿನ ಕೆಳಭಾಗದಿಂದ ಸೊಂಟದ ಎಲುಬಿನವರೆಗೆ ಇಳಿದಿದೆ. ಆದರೆ ಅದಕ್ಕೆ ಅಪ್ಪಣೆ ಒಯ್ಯುವ ನರ ಬರುವುದು ಕುತ್ತಿಗೆಯಿಂದ. ಹಾಗಾಗಿ ಎದೆಯ ಮಟ್ಟದಲ್ಲಿ ಬೆನ್ನುಹುರಿ ಕತ್ತರಿಸಿದರೂ ಈ ಸ್ನಾಯು ಪೂರ್ತಿ ಕೆಲಸ ಮಾಡುತ್ತದೆ, ಸ್ವಾಧೀನ ತಪ್ಪಿದ ಸೊಂಟವನ್ನು ಮೇಲಿನಿಂದ ಹಿಡಿದಿರಿಸುತ್ತದೆ. ಈಜಿನಲ್ಲಿ ನೀರನ್ನು ಹಿಂದಕ್ಕೆ ಸೆಳೆಯುವುದರಲ್ಲಿ ಮುಖ್ಯ ಪಾತ್ರ ಇದರದೇ. ಗುದ್ದಿದ ಕೈಯನ್ನು ಬಾಕ್ಸರ್ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುವುದರಲ್ಲೂ ಇದರ ನೆರವಿದೆ. ಸಿಕಂದರಾಬಾದಿನ ಬಾಕ್ಸಿಂಗ್ ಕಣದಲ್ಲಿ ಹುರಿಗೊಂಡ ಭುಜ, ಬೆನ್ನು, ಉಸಿರು ಯಾವುದನ್ನೂ ಗುಂಡು ಕಸಿದುಕೊಂಡಿರಲಿಲ್ಲ.

ಹಳೆಯ ತಾಲೀಮು ಹೀಗೆ ಉಳಿಯುವುದಕ್ಕೆ ಇನ್ನೊಂದು ಕಾರಣವನ್ನೂ ವಿಜ್ಞಾನಿಗಳು ಕಂಡಿದ್ದಾರೆ. ವ್ಯಾಯಾಮದಿಂದ ಸ್ನಾಯುತಂತುವಿನೊಳಗೆ ಹೊಸ ಕೋಶಕೇಂದ್ರಗಳು ಸೇರುತ್ತವೆ. ವ್ಯಾಯಾಮ ನಿಂತು ಸ್ನಾಯು ಸೊರಗಿದರೂ ಅವು ಬಹುಕಾಲ ಉಳಿಯುತ್ತವೆ ಎಂದು ನಾರ್ವೆಯ ಸಂಶೋಧಕರು 2010ರಲ್ಲಿ ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜ ಎಂಬ ಚರ್ಚೆ ಇನ್ನೂ ನಡೆದಿದೆ. ಹಳೆಯ ಪೈಲ್ವಾನರು ಹೊಸಬರಿಗಿಂತ ಬೇಗ ಮೈ ಕಟ್ಟಿಕೊಳ್ಳುವುದನ್ನು ಗರಡಿ ಮನೆಯವರು ಮಾತ್ರ ಮೊದಲಿನಿಂದ ಬಲ್ಲರು.

ಬೆಂಗಳೂರಿನ ನಿರಂಜನ್ ಮುಕುಂದನ್ ಅವರ ಹಾದಿಯೂ ಇಂಥದ್ದೇ. ಹುಟ್ಟುವಾಗಲೇ ಬೆನ್ನೆಲುಬು ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬಿಫಿಡಾ ಎಂಬ ತೊಂದರೆ ಅವರದು. ವೈದ್ಯರ ಸಲಹೆಯಂತೆ ಎಳವೆಯಲ್ಲಿ ನೀರಿಗಿಳಿದವರು ಟೋಕಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಈಜಿದರು.

ನಮ್ಮ ಕಡೆ ಬೆನ್ನುಹುರಿಗೆ ಪೆಟ್ಟಾಗಲು ಯುದ್ಧ ಬೇಕಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಿದವರು ನಿದ್ದೆಗಣ್ಣಿನಲ್ಲಿ ಬೀಳುತ್ತಾರೆ, ಮರದಿಂದ ಜಾರುತ್ತಾರೆ, ಬಾವಿಗೆ ತಲೆಕೆಳಗಾಗಿ ಜಿಗಿಯುತ್ತಾರೆ, ಬೈಕು ಉರುಳುತ್ತದೆ. ಬಿದ್ದವರನ್ನು ಕೈಗೊಬ್ಬ ಕಾಲಿಗೊಬ್ಬ ಹಿಡಿದೆತ್ತಿ ಟಂಟಂನಲ್ಲಿ ಕೂರಿಸುವಾಗಲೇ ಅರೆಬರೆ ಉಳಿದಿದ್ದ ನರತಂತುಗಳೂ ಹರಿದುಹೋಗಬಹುದು. 108ಕ್ಕೆ ಫೋನ್ ಮಾಡಿ, ಅಪಾಯದ ಜಾಗವಲ್ಲದಿದ್ದರೆ ಅಲ್ಲೇ ಅಲುಗಾಡಿಸದೆ ಇರಿಸಬೇಕು. ಎತ್ತಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ನಾಲ್ಕಾರು ಜನ ಒಟ್ಟಿಗೆ ಹೊರಳಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು. ಮಧ್ಯೆ ತಗ್ಗುವ ಹೊರಸು ಇದಕ್ಕೆ ಬರುವುದಿಲ್ಲ.

ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಗುಟ್ಮನ್‌ರ ನಿಯಮ ಇಲ್ಲಿಗೂ ಅದೇ. ಕಲಬುರಗಿ ಸೀಮೆಯ ಬಿಸಿಲಿನಲ್ಲಿ ಇನ್ನೊಂದು ಎಚ್ಚರ ಬೇಕು: ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಿಗೆ ಪೆಟ್ಟಿನಿಂದ ಕೆಳಗೆ ಬೆವರು ಬಾರದು, ಮೈ ತಣಿಯದು. ನೆರಳು, ಗಾಳಿ, ಒದ್ದೆ ಬಟ್ಟೆ ಅವರಿಗೆ ಔಷಧಿಯಷ್ಟೇ ಮುಖ್ಯ. ಆಮೇಲೆ ಉಳಿದ ಸ್ನಾಯುಗಳಿಗೆ ಕೆಲಸ ಕೊಡಬೇಕು, ಗಾಲಿಕುರ್ಚಿ ತಳ್ಳಿ ತಳ್ಳಿ ಭುಜ ಸವೆಯದಂತೆಯೂ ನೋಡಿಕೊಳ್ಳಬೇಕು.

ಪೇಟ್ಕರ್‌ಗೆ 2018ರಲ್ಲಿ ಪದ್ಮಶ್ರೀ ಸಂದಿತು, 2025ರ ಜನವರಿಯಲ್ಲಿ ಅರ್ಜುನ ಪ್ರಶಸ್ತಿ. ಸೈನಿಕನಾಗಿದ್ದರಿಂದ ಅವರಿಗೆ ಆಸ್ಪತ್ರೆ, ಫಿಸಿಯೋಥೆರಪಿ, ಈಜುಕೊಳ ಒಂದರ ಹಿಂದೊಂದು ದಕ್ಕಿದವು. ಮಾಳಿಗೆಯಿಂದ ಬಿದ್ದ ಕೂಲಿಕಾರನ ಮಗನಲ್ಲೂ ಅಷ್ಟೇ ಛಲ ಇರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಅವನ ಭುಜದಲ್ಲಿ ಉಳಿದ ಬಲವನ್ನು ಅಳೆದು, ಮುಂದೇನು ಮಾಡಬಹುದೆಂದು ಹೇಳುವ ಫಿಸಿಯೋಥೆರಪಿಸ್ಟ್ ಒಬ್ಬರು ಇದ್ದಾರೆಯೇ ಎಂದು ಕೇಳುವ ಹಕ್ಕು ಅವನ ಊರಿನವರಿಗೆಲ್ಲ ಇದೆ.