ಹಿಮದ ಹಾದಿಯಲ್ಲಿ ಯಾವುದು ಮೊದಲು: ಚಳಿಗಾಲದ ಟೈರೋ, ಫೋರ್ ವೀಲ್ ಡ್ರೈವೋ?

ವ್ಯಾಪಾರವು ದೇಶದ ಗಡಿಗಳನ್ನು ದಾಟಿ ಬೆಳೆದಂತೆಲ್ಲ ವ್ಯಾಪಾರಿಯೂ ತನಗೆ ಪರಿಚಯವಿಲ್ಲದ ಹವೆಯಲ್ಲಿ ಸಂಚರಿಸಬೇಕಾಗುತ್ತದೆ. ಜರ್ಮನಿಯ ನ್ಯೂರೆಂಬರ್ಗ್‌ನ ಆಟಿಕೆಗಳ ಮೇಳ, ಅದೇ ನಗರದ ಸಾವಯವ ಆಹಾರ ಮೇಳ ಬಯೋಫಾಕ್, ಫ್ರಾಂಕ್‌ಫರ್ಟ್‌ನ ಗೃಹೋಪಯೋಗಿ ವಸ್ತುಗಳ ಮೇಳ ಆಂಬಿಯೆಂಟೆ ಇವು ಸಾಮಾನ್ಯವಾಗಿ ನಡೆಯುವುದು ಜನವರಿಯ ಕೊನೆಯಿಂದ ಫೆಬ್ರವರಿಯವರೆಗಿನ ಕೊರೆಯುವ ಚಳಿಯಲ್ಲಿ. ಮೇಳ ಮುಗಿಸಿ, ಬಾಡಿಗೆ ಕಾರು ಪಡೆದು, ದೂರದ ಊರಿನ ಗ್ರಾಹಕರನ್ನು ಕಾಣಲು ಹೊರಡುವವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಹಿಮ ಬಿದ್ದ ರಸ್ತೆಗೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಒದಗಿಸುವ ಫೋರ್ ವೀಲ್ ಡ್ರೈವ್ ವಾಹನ ಬೇಕೇ, ಅಥವಾ ಚಳಿಗಾಲದ ಟೈರು ತೊಡಿಸಿದ ಸಾಧಾರಣ ಕಾರು ಸಾಕೇ? ದೊಡ್ಡ ವಾಹನವೇ ಹೆಚ್ಚು ಸುರಕ್ಷಿತ ಎಂಬ ಸಹಜ ಭಾವನೆ ಇಲ್ಲಿ ದಾರಿ ತಪ್ಪಿಸುವ ಸಂಭವವೇ ಹೆಚ್ಚು.

ಹೊರಡುವುದು ಬೇರೆ, ನಿಲ್ಲುವುದು ಬೇರೆ

ಫೋರ್ ವೀಲ್ ಡ್ರೈವ್ ವ್ಯವಸ್ಥೆಯ ಕೆಲಸ ಒಂದೇ: ಎಂಜಿನ್ನಿನ ಬಲವನ್ನು ಎರಡು ಚಕ್ರಗಳ ಬದಲು ನಾಲ್ಕಕ್ಕೂ ಹಂಚುವುದು. ಇದರಿಂದ ವಾಹನವು ನಿಂತ ಸ್ಥಳದಿಂದ ಹೊರಡಲು ಮತ್ತು ಏರು ಹತ್ತಲು ನಿಜವಾದ ಅನುಕೂಲವುಂಟು. ಆದರೆ ಬ್ರೇಕ್ ಒತ್ತಿದಾಗ ಈ ಅನುಕೂಲ ಉಳಿಯುವುದಿಲ್ಲ. ಏಕೆಂದರೆ ಎಲ್ಲ ಕಾರುಗಳಲ್ಲೂ ಬ್ರೇಕ್ ನಾಲ್ಕು ಚಕ್ರಗಳಿಗೂ ಇದ್ದೇ ಇರುತ್ತದೆ. ವಾಹನವನ್ನು ನಿಲ್ಲಿಸುವುದೂ ತಿರುವಿನಲ್ಲಿ ರಸ್ತೆ ಬಿಡದಂತೆ ಹಿಡಿದಿಡುವುದೂ ಅಂತಿಮವಾಗಿ ಟೈರು ಮತ್ತು ನೆಲದ ನಡುವಿನ ಹಿಡಿತವೇ. ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಜಾಗ ಒಂದೊಂದೂ ಹೆಚ್ಚು ಕಡಿಮೆ ಅಂಗೈಯಷ್ಟು ಮಾತ್ರ.

ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಗಂಟೆಗೆ ೫೦ ಕಿ.ಮೀ. ವೇಗದ ಕಾರನ್ನು ಒಣ ಡಾಂಬರು ರಸ್ತೆಯಲ್ಲಿ ನಿಲ್ಲಿಸಲು, ಘರ್ಷಣೆಯ ಗುಣಾಂಕವನ್ನು ೦.೭ ಎಂದು ಹಿಡಿದರೆ, ಬ್ರೇಕ್ ಹಿಡಿದ ನಂತರ ಸುಮಾರು ೧೪ ಮೀಟರ್ ಬೇಕು. ಹಿಮದ ಮೇಲೆ ಗುಣಾಂಕ ೦.೩ ಇದ್ದರೆ ೩೩ ಮೀಟರ್, ೦.೨ಕ್ಕೆ ಇಳಿದರೆ ೪೯ ಮೀಟರ್, ನುಣುಪಾದ ಮಂಜುಗಡ್ಡೆಯ ಮೇಲೆ ೦.೧ ಆದರೆ ೯೮ ಮೀಟರ್. ೦.೩ ಮತ್ತು ೦.೨ರ ನಡುವಿನ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ ರಸ್ತೆಯ ಮೇಲೆ ಅದು ೧೬ ಮೀಟರ್, ಅಂದರೆ ಮೂರು ನಾಲ್ಕು ಕಾರುಗಳಷ್ಟು ಉದ್ದ. ಈ ಅಂತರವನ್ನು ತುಂಬಿಕೊಡಬಲ್ಲದ್ದು ಟೈರು ಮಾತ್ರ.

ಏರಿನ ಲೆಕ್ಕವೂ ಗಮನಾರ್ಹವಾದುದು. ಗುಣಾಂಕ ೦.೨ ಇರುವಲ್ಲಿ ಫೋರ್ ವೀಲ್ ಡ್ರೈವ್ ವಾಹನವು ನೂರು ಮೀಟರಿಗೆ ೨೦ ಮೀಟರ್ ಏರುವ ರಸ್ತೆಯನ್ನು ಹತ್ತಬಲ್ಲದು. ಭಾರದ ಶೇಕಡ ೬೦ರಷ್ಟನ್ನು ಮುಂದಿನ ಚಕ್ರಗಳ ಮೇಲೆ ಹೊತ್ತ ಫ್ರಂಟ್ ವೀಲ್ ಡ್ರೈವ್ ಕಾರು ಸುಮಾರು ೧೨ ಮೀಟರ್ ಏರನ್ನು ಹತ್ತೀತು. ಅದೇ ಕಾರಿಗೆ ಉತ್ತಮ ಟೈರು ತೊಡಿಸಿ ಗುಣಾಂಕವನ್ನು ೦.೩ಕ್ಕೆ ಏರಿಸಿದರೆ ೧೮ ಮೀಟರ್ ಆಗುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ವಾಸ್ತವದಲ್ಲಿ ಇದು ಸ್ವಲ್ಪ ಕಡಿಮೆಯಾದರೂ, ಒಳ್ಳೆಯ ಟೈರು ಹೊರಡುವುದಕ್ಕೂ ನಿಲ್ಲುವುದಕ್ಕೂ ನೆರವಾಗುತ್ತದೆ ಎಂಬುದು ಸಿದ್ಧವಾಗುತ್ತದೆ. ಫೋರ್ ವೀಲ್ ಡ್ರೈವ್ ನೆರವಾಗುವುದು ಮುಖ್ಯವಾಗಿ ಹೊರಡುವುದಕ್ಕೆ.

ರಬ್ಬರಿನ ಗುಣ

ಚಳಿಗಾಲದ ಟೈರಿನ ಗುಟ್ಟು ಅದರ ಮಿಶ್ರಣದಲ್ಲಿದೆ. ಬೇಸಿಗೆಯ ಟೈರಿನ ರಬ್ಬರು ಚಳಿಯಲ್ಲಿ ಗಡುಸಾಗಿ ನೆಲದ ಏರಿಳಿತಗಳಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ೭ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಟೈರು ಬದಲಿಸಬೇಕೆಂಬುದು ಉದ್ಯಮದಲ್ಲಿ ರೂಢಿಯಾಗಿರುವ ಅಳತೆ. ಚಳಿಗಾಲದ ಟೈರಿನಲ್ಲಿ ಸಿಲಿಕಾ ಹಾಗೂ ತಣ್ಣನೆಯಲ್ಲೂ ಮೃದುವಾಗಿರುವ ನೈಸರ್ಗಿಕ ರಬ್ಬರಿನ ಪಾಲು ಹೆಚ್ಚು. ಸುಳ್ಯ, ಪುತ್ತೂರಿನ ಕಡೆಯ ತೋಟಗಳಲ್ಲಿ ಇಳಿಸುವ ರಬ್ಬರಿಗೆ ಇರುವ ಗುಣವೂ ಇದೇ. ಅಲ್ಲದೆ ಟೈರಿನ ಮೈಮೇಲೆ ಕೂದಲೆಳೆಯಂತಹ ನೂರಾರು ಸೀಳುಗಳಿರುತ್ತವೆ. ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಹಿಮಕ್ಕೆ ಹಿಮ ಅಂಟಿಕೊಳ್ಳುವುದರಿಂದ ಹಿಡಿತ ಇನ್ನಷ್ಟು ಹೆಚ್ಚುತ್ತದೆ.

ಈ ಟೈರು ಹುಟ್ಟಿದ್ದೇ ಸರಕು ಸಾಗಣೆಗಾಗಿ ಎಂಬುದು ವ್ಯಾಪಾರಿಗಳಿಗೆ ಸ್ವಾರಸ್ಯಕರ ಸಂಗತಿ. ಇಂದು ನೋಕಿಯನ್ ಎಂದು ಹೆಸರಾಗಿರುವ ಫಿನ್ಲೆಂಡಿನ ಕಂಪನಿಯು ೧೯೩೪ರಲ್ಲಿ ಲಾರಿಗಳಿಗಾಗಿ ಚಳಿಗಾಲದ ಟೈರನ್ನು ತಯಾರಿಸಿತು. ಕಾರಿನ ಟೈರು ಬಂದದ್ದು ೧೯೩೬ರಲ್ಲಿ. ರಸ್ತೆಯ ಕಾರುಗಳಲ್ಲಿ ಫೋರ್ ವೀಲ್ ಡ್ರೈವ್‌ಗೆ ಹೆಸರು ತಂದ ಆಡಿ ಕ್ವಾಟ್ರೊ ಪ್ರಕಟವಾದದ್ದು ಅದಕ್ಕೂ ನಾಲ್ಕು ದಶಕಗಳ ನಂತರ, ೧೯೮೦ರ ಜಿನೀವಾ ಪ್ರದರ್ಶನದಲ್ಲಿ.

ಕಾನೂನು ಕೇಳುವುದೇನು?

ಜರ್ಮನಿಯಲ್ಲಿ ರಸ್ತೆಯ ಮೇಲೆ ಹಿಮ, ಕೆಸರು ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಚಳಿಗೆ ತಕ್ಕ ಟೈರು ಕಡ್ಡಾಯ. ಫೋರ್ ವೀಲ್ ಡ್ರೈವ್ ವಾಹನವೆಂಬ ಕಾರಣಕ್ಕೆ ವಿನಾಯಿತಿ ಇಲ್ಲ. ೨೦೨೪ರ ಅಕ್ಟೋಬರ್ ೧ರಿಂದ ಅಲ್ಲಿ ‘ಎಂ+ಎಸ್’ ಎಂಬ ಹಳೆಯ ಗುರುತು ಮಾತ್ರ ಸಾಲದು. ಮೂರು ಶಿಖರಗಳ ಪರ್ವತದೊಳಗೆ ಹಿಮದ ಹರಳು ಇರುವ ಚಿಹ್ನೆ ಟೈರಿನ ಮೇಲೆ ಇರಲೇಬೇಕು. ಮೊದಲನೆಯದನ್ನು ತಯಾರಕರು ತಾವಾಗಿಯೇ ಹಾಕಿಕೊಳ್ಳಬಹುದಿತ್ತು, ಎರಡನೆಯದು ಹಿಮದ ಮೇಲೆ ಪರೀಕ್ಷೆಗೊಳಗಾದ ಟೈರಿಗೆ ಮಾತ್ರ ದೊರೆಯುತ್ತದೆ. ನಿಯಮ ಮೀರಿದರೆ ದಂಡ ತೆರಬೇಕಾದವನು ಚಾಲಕ. ಕಾರು ಬಾಡಿಗೆಯದೆಂಬ ಸಬೂಬು ನಡೆಯುವುದಿಲ್ಲ.

ಅನೇಕ ಕನ್ನಡಿಗರು ನೆಲೆಸಿರುವ ಕ್ಯಾಲಿಫೋರ್ನಿಯದಲ್ಲಿ ನಿಯಮ ಸ್ವಲ್ಪ ಭಿನ್ನ. ಅಲ್ಲಿನ ಪರ್ವತ ರಸ್ತೆಗಳಲ್ಲಿ ಎರಡನೆಯ ಹಂತದ ನಿರ್ಬಂಧವಿದ್ದಾಗ ಚಕ್ರಗಳಿಗೆ ಸರಪಳಿ ಕಡ್ಡಾಯ. ಫೋರ್ ವೀಲ್ ಡ್ರೈವ್ ವಾಹನಕ್ಕೆ ವಿನಾಯಿತಿ ಉಂಟಾದರೂ ಅದರ ನಾಲ್ಕೂ ಚಕ್ರಗಳಲ್ಲಿ ಹಿಮದ ಟೈರು ಇರಬೇಕು, ಸರಪಳಿಯೂ ಜೊತೆಯಲ್ಲಿರಬೇಕು. ಮೂರನೆಯ ಹಂತದಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಮನಾಲಿಯ ಪಾಠ

ನಮ್ಮ ದೇಶದಲ್ಲಿ ಕ್ರಮ ಬೇರೆ. ೨೦೨೦ರ ಅಕ್ಟೋಬರ್ ೩ರಂದು ಉದ್ಘಾಟನೆಗೊಂಡ, ೯.೦೨ ಕಿ.ಮೀ. ಉದ್ದದ ಅಟಲ್ ಸುರಂಗವು ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ದಾರಿ ತೆರೆಯಿತು. ಹಿಮ ಸುರಿದಾಗ ಮನಾಲಿಯಿಂದ ಸುರಂಗದ ಕಡೆಗೆ ಪೊಲೀಸರು ಸಾಮಾನ್ಯವಾಗಿ ಫೋರ್ ವೀಲ್ ಡ್ರೈವ್ ವಾಹನಗಳನ್ನು ಮಾತ್ರ ಬಿಡುತ್ತಾರೆ. ಏರಿನಲ್ಲಿ ಒಂದು ಕಾರು ಸಿಕ್ಕಿಬಿದ್ದರೆ ಇಡೀ ಸಾಲು ನಿಲ್ಲುವುದರಿಂದ ಈ ಕ್ರಮಕ್ಕೆ ಅರ್ಥವಿದೆ. ಆದರೆ ಹತ್ತಿದ ವಾಹನ ಇಳಿಯಲೇಬೇಕು. ಸಾಧಾರಣ ಟೈರಿನ ಭಾರಿ ವಾಹನವು ಇಳಿಜಾರಿನ ತಿರುವಿನಲ್ಲಿ ಜಾರತೊಡಗಿದರೆ ನಾಲ್ಕು ಚಕ್ರಗಳ ಚಾಲನೆ ಅದನ್ನು ತಡೆಯಲಾರದು. ಸುಲಭವಾಗಿ ಹತ್ತಿ ಬಂದ ಧೈರ್ಯವೇ ಆಗ ಶತ್ರುವಾಗುತ್ತದೆ. ಅಂತಹ ಕಡೆ ಸರಪಳಿ, ಕಡಿಮೆ ಗೇರು ಮತ್ತು ತಾಳ್ಮೆಯೇ ಆಧಾರ.

ಆದಾಯ ವೆಚ್ಚದ ದೃಷ್ಟಿ

ಹಿಮದ ನಾಡಿನಲ್ಲಿ ಶಾಖೆ, ಉಗ್ರಾಣ ಅಥವಾ ಮಾರಾಟ ಪ್ರತಿನಿಧಿಯನ್ನು ಹೊಂದಿರುವ ಸಂಸ್ಥೆಗೆ ಇದು ಲೆಕ್ಕಪತ್ರದ ವಿಷಯವೂ ಹೌದು. ಫೋರ್ ವೀಲ್ ಡ್ರೈವ್‌ನಿಂದ ವಾಹನದ ಬೆಲೆ, ತೂಕ, ಇಂಧನದ ವೆಚ್ಚ ಮೂರೂ ಏರುತ್ತವೆ ಮತ್ತು ವರ್ಷವಿಡೀ ಉಳಿಯುತ್ತವೆ. ಎರಡನೆಯ ಜೊತೆ ಟೈರಿನ ವೆಚ್ಚ ಅಷ್ಟು ಭಾರವಲ್ಲ. ಒಂದು ಜೊತೆ ಓಡುವಾಗ ಇನ್ನೊಂದು ಸವೆಯದೆ ಉಳಿಯುವುದರಿಂದ ಖರ್ಚಿನ ಬಹುಭಾಗ ಕಾಲಕ್ರಮದಲ್ಲಿ ಹಿಂದಿರುಗುತ್ತದೆ. ಬದಲಾವಣೆಯ ಕೂಲಿ ಮತ್ತು ದಾಸ್ತಾನಿನ ಜಾಗ ಮಾತ್ರ ಹೆಚ್ಚುವರಿ. ಉಳಿತಾಯದ ಆಸೆಯಿಂದ ಎರಡೇ ಟೈರು ಬದಲಿಸುವುದು ಅಪಾಯಕರ. ಮುಂದಿನ ಚಕ್ರಗಳಿಗಷ್ಟೇ ಹಾಕಿದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ವಾಹನ ಗಿರಕಿ ಹೊಡೆಯಬಹುದು.

ಕಡಿದಾದ ಬೆಟ್ಟದ ಊರಿಗೆ ದಿನವೂ ಸರಕು ಒಯ್ಯುವವರಿಗೆ ಎರಡೂ ಬೇಕು. ಉಳಿದವರು ಮೊದಲ ಹಣವನ್ನು ಟೈರಿಗೆ ವಿನಿಯೋಗಿಸುವುದು ಲೇಸು. ಬಾಡಿಗೆ ಕಾರು ಪಡೆಯುವವರು ಕೀಲಿಕೈ ತೆಗೆದುಕೊಳ್ಳುವ ಮುನ್ನ ಬಗ್ಗಿ ನೋಡಿ, ನಾಲ್ಕೂ ಟೈರುಗಳ ಪಕ್ಕದಲ್ಲಿ ಪರ್ವತದ ಚಿಹ್ನೆ ಇದೆಯೇ, ಸೀಳುಗಳು ಆಳವಾಗಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಜರ್ಮನಿಯಲ್ಲಿ ಕಾನೂನಿನ ಕನಿಷ್ಠ ಆಳ ೧.೬ ಮಿಲಿಮೀಟರ್ ಆದರೂ ತಜ್ಞರು ಹೇಳುವುದು ೪ ಮಿಲಿಮೀಟರ್. ಎರಡು ನಿಮಿಷದ ಈ ಪರಿಶೀಲನೆಗೆ ಖರ್ಚೇನೂ ಇಲ್ಲ. ಒಪ್ಪಂದಕ್ಕೆ ಸಹಿ ಹಾಕಲು ಹೊರಟವರು ಸುರಕ್ಷಿತವಾಗಿ ತಲುಪಿ, ಸುರಕ್ಷಿತವಾಗಿ ಮನೆಗೆ ಮರಳಿದರೆ ಮಾತ್ರವೇ ಆ ಒಪ್ಪಂದ ಲಾಭದಾಯಕ.