ಎಳೆಗರುಗಳ ಭೇದಿ: ರೋಗಾಣು ಕರುಳಿಗೆ ಅಂಟುವ ಬಗೆ

ಕೊಟ್ಟಿಗೆಯಲ್ಲಿ ದನವಿದ್ದರೆ ತೋಟಕ್ಕೆ ಗೊಬ್ಬರ ಎಂಬುದು ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಹುಟ್ಟಿದ ಎರಡು ಮೂರು ದಿನಗಳಲ್ಲೇ ಕರು ನೀರಿನಂತೆ ಭೇದಿ ಮಾಡಿ, ಕಣ್ಣು ಗುಳಿಬಿದ್ದು ಸಾಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಕರುಗಳ ಭೇದಿಗೆ ಕಾರಣಗಳು ಹಲವು. ಮೊದಲ ನಾಲ್ಕು ದಿನಗಳಲ್ಲಿ ಬರುವ ಭೇದಿಗೆ ಮುಖ್ಯ ಕಾರಣಗಳಲ್ಲೊಂದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಇದರಲ್ಲಿ ಹೆಚ್ಚಿನ ಬಗೆಗಳು ಕರುಳಿನಲ್ಲಿ ತಂಟೆಯಿಲ್ಲದೆ ಬಾಳುತ್ತವೆ. ಕರುವನ್ನು ಕಾಡುವುದು ಕೆ 99 ಎಂಬ ಎಳೆಗಳುಳ್ಳ ಬಗೆ.

ಕರುಳಿನಲ್ಲಿ ಆಹಾರ ಸದಾ ಮುಂದಕ್ಕೆ ಹರಿಯುತ್ತಿರುತ್ತದೆ. ಹಿಡಿತವಿಲ್ಲದ ರೋಗಾಣು ಅದರೊಡನೆ ಕೊಚ್ಚಿಹೋಗುತ್ತದೆ. ಮೆಣಸಿನ ಬಳ್ಳಿ ಗೆಣ್ಣುಗೆಣ್ಣಿನಲ್ಲಿ ಬೇರು ಬಿಟ್ಟು ಅಡಿಕೆ ಮರವನ್ನು ಹಿಡಿಯುವಂತೆ, ಈ ರೋಗಾಣು ಮೈತುಂಬ ಸಣ್ಣ ಎಳೆಗಳನ್ನು ಬೆಳೆಸಿ ಕರುಳಿನ ಗೋಡೆಯನ್ನು ಹಿಡಿಯುತ್ತದೆ.

ಈ ಎಳೆಗಳು ಪ್ರೋಟೀನಿನವು. ಪ್ರೋಟೀನು ತಯಾರಾಗುವುದು ರೋಗಾಣುವಿನ ಒಳಗೆ, ಬೇಕಾಗಿರುವುದು ಹೊರಗೆ. ನಡುವೆ ಎರಡು ಪೊರೆಗಳಿವೆ. ಆದ್ದರಿಂದ ಪ್ರತಿಯೊಂದು ಪ್ರೋಟೀನು ತುಂಡಿನ ಮೊದಲ ತುದಿಯಲ್ಲಿ ವಿಳಾಸಚೀಟಿಯಂತಹ ಒಂದು ಭಾಗವಿರುತ್ತದೆ. ಜೀವಕೋಶಗಳಲ್ಲಿ ಪ್ರೋಟೀನುಗಳಿಗೆ ಇಂತಹ ವಿಳಾಸವಿರುತ್ತದೆಂದು ತೋರಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಚೀಟಿಯ ಬಲದಿಂದ ತುಂಡು ಒಳಪೊರೆಯ ಕಿಂಡಿಯನ್ನು ದಾಟುತ್ತದೆ. ದಾಟಿದೊಡನೆ ಒಂದು ಕಿಣ್ವ ಆ ಚೀಟಿಯನ್ನು ಕತ್ತರಿಸಿ ಹಾಕುತ್ತದೆ.

ಈ ತುಂಡಿನಲ್ಲಿ ಒಂದು ಕೊರತೆಯಿದೆ. ಅದರ ಮೈಯಲ್ಲಿ ಒಂದು ಸೀಳು ಖಾಲಿಯಾಗಿರುತ್ತದೆ. ಹಾಗೆಯೇ ಬಿಟ್ಟರೆ ತುಂಡುಗಳು ಅಡ್ಡಾದಿಡ್ಡಿ ಮುದ್ದೆಗಟ್ಟುತ್ತವೆ. ಎರಡು ಪೊರೆಗಳ ನಡುವೆ ಕಾದಿರುವ ಸಹಾಯಕ ಪ್ರೋಟೀನೊಂದು ತನ್ನ ಭಾಗವನ್ನೇ ಆ ಸೀಳಿಗೆ ತುರುಕಿ, ತುಂಡನ್ನು ಹೊರಪೊರೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಬಾಗಿಲಲ್ಲಿ ಸಹಾಯಕ ಹಿಂದೆ ಸರಿಯುತ್ತದೆ. ಮುಂದಿನ ತುಂಡಿನ ನಾಲಿಗೆ ಆ ಸೀಳಿನಲ್ಲಿ ಕೂರುತ್ತದೆ. ಬಡಗಿ ಹಲಗೆಗೆ ಹಲಗೆ ಕಚ್ಚಿಸಿದಂತೆ ತುಂಡಿಗೆ ತುಂಡು ಸೇರಿ ಎಳೆ ಹೊರಕ್ಕೆ ಬೆಳೆಯುತ್ತದೆ.

ಅಂಟಿ ನಿಂತ ರೋಗಾಣು ವೃದ್ಧಿಯಾಗಿ ವಿಷವನ್ನು ಬಿಡುತ್ತದೆ. ಕರುಳಿನ ಕೋಶಗಳು ನೀರನ್ನೂ ಲವಣವನ್ನೂ ಹೊರಸುರಿಯುತ್ತವೆ. ಕರು ಸಾಯುವುದು ಹೀಗೆ ಮೈಯ ನೀರು ಬತ್ತಿ. ಬೆಳೆದ ಕರುವಿನ ಕರುಳಿನಲ್ಲಿ ಈ ಎಳೆ ಕಚ್ಚುವ ತಾಣಗಳು ಕಡಿಮೆಯಾಗುವುದರಿಂದ ಅಪಾಯ ಮೊದಲ ದಿನಗಳಲ್ಲೇ ಹೆಚ್ಚು.

ಹಿಡಿತ ತಪ್ಪಿದರೆ ರೋಗವಿಲ್ಲ ಎಂಬುದು ಮೊದಲು ಹಂದಿಮರಿಗಳಲ್ಲಿ ಸ್ಪಷ್ಟವಾಯಿತು. ಅವುಗಳ ಭೇದಿಗೆ ಕಾರಣವಾದ ರೋಗಾಣುವಿಗೆ ಕೆ 88 ಎಂಬ ಎಳೆ. ಅದನ್ನು ಕಳೆದುಕೊಂಡ ರೋಗಾಣು ಕರುಳಿಗೆ ಅಂಟಲಾರದು, ಭೇದಿಯನ್ನೂ ತರಲಾರದು ಎಂದು ಜೋನ್ಸ್ ಮತ್ತು ರಟರ್ ಎಂಬ ವಿಜ್ಞಾನಿಗಳು 1972ರಲ್ಲಿ ತೋರಿಸಿದರು.

ಕರುವಿನ ವಿಷಯದಲ್ಲಿ ಈ ಹಿಡಿತವನ್ನು ತಪ್ಪಿಸುವ ವಸ್ತು ತಾಯಿಯ ಗಿಣ್ಣುಹಾಲಿನಲ್ಲಿದೆ. ಗರ್ಭದಲ್ಲಿರುವಾಗ ಕರುವಿಗೆ ತಾಯಿಯ ರಕ್ತದಿಂದ ಪ್ರತಿಕಾಯಗಳು ಬರುವುದಿಲ್ಲ. ಅವು ಬರುವುದು ಗಿಣ್ಣುಹಾಲಿನಿಂದ. ಈ ರೋಗಾಣುವನ್ನು ಮೊದಲೇ ಎದುರಿಸಿದ ಅಥವಾ ಗಬ್ಬದ ಕೊನೆಯ ವಾರಗಳಲ್ಲಿ ಕೆ 99 ಲಸಿಕೆ ಪಡೆದ ಹಸುವಿನ ಗಿಣ್ಣುಹಾಲಿನ ಪ್ರತಿಕಾಯಗಳು ಎಳೆಗಳನ್ನು ಮುಚ್ಚಿಬಿಡುತ್ತವೆ. ಲಸಿಕೆಯ ಬಗ್ಗೆ ಪಶುವೈದ್ಯರನ್ನು ವಿಚಾರಿಸುವುದು ಒಳ್ಳೆಯದು.

ಪ್ರತಿಕಾಯಗಳನ್ನು ರಕ್ತಕ್ಕೆ ಹೀರಿಕೊಳ್ಳುವ ಶಕ್ತಿ ಕರುಳಿಗೆ ಮೊದಲ ಆರು ಗಂಟೆಗಳಲ್ಲಿ ಚೆನ್ನಾಗಿದ್ದು, ಒಂದು ದಿನದಲ್ಲಿ ಮುಗಿಯುತ್ತದೆ. ಆದ್ದರಿಂದ ಮಾಸು ಬೀಳಲೆಂದು ಕಾಯದೆ, ಕರು ಎದ್ದು ನಿಂತೊಡನೆ ಹಾಲೂಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಪಾಲು, ಅಂದರೆ 20 ಕಿಲೋ ಕರುವಿಗೆ 2 ಲೀಟರಿನಷ್ಟು, ಹಲವು ಸಲ ಹಂಚಿ ಕೊಡಬೇಕು. ಹಾಸು ಸೊಪ್ಪು ಒಣಗಿರಲಿ. ಭೇದಿ ಕಂಡರೆ ತಡಮಾಡದೆ ಲವಣ-ಸಕ್ಕರೆಯ ನೀರು ಕುಡಿಸಿ ಪಶುವೈದ್ಯರನ್ನು ಕರೆಸಬೇಕು.

ಕರು ಹಾಕಿದ ಮನೆಯಲ್ಲಿ ಗಿಣ್ಣು ಮಾಡಿ ನೆರೆಹೊರೆಗೆ ಹಂಚುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಅದನ್ನು ಬಿಡಬೇಕಾಗಿಲ್ಲ. ಆದರೆ ಮೊದಲ ಪಾಲು ಕರುವಿನದು, ಉಳಿದದ್ದು ಪಾತ್ರೆಗೆ.