ಕಟ್ಟಿಗೆ ಒಟ್ಟಿಲಿನಲ್ಲಿ ಜೀವದ ಕುರುಹುಗಳು

ಸುಗ್ಗಿ ಮುಗಿದು ಬಿಸಿಲು ಏರತೊಡಗಿತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಬೇಕಾದ ಕಟ್ಟಿಗೆಯನ್ನು ಒಟ್ಟುವ ಕೆಲಸ ಆರಂಭವಾಗುತ್ತದೆ. ಅಡಿಗೆಗೆ ಗ್ಯಾಸ್ ಬಂದಿರುವ ಮನೆಗಳಲ್ಲಿಯೂ ಸ್ನಾನದ ನೀರು ಕಾಯುವುದು ಬಹುಮಟ್ಟಿಗೆ ಕಟ್ಟಿಗೆಯಿಂದಲೇ. ಮತ್ತಿ, ಕಿಂದಳ, ಜಂಬೆ, ನಂದಿ ಮರಗಳ ಒಣಗಿದ ಟೊಂಗೆಗಳ ಜೊತೆಗೆ ಹಳೆಯ ಬೇಲಿಯ ಗೂಟ, ಮುರಿದ ಬಿದಿರು, ತೋಟದಲ್ಲಿ ಬಿದ್ದ ಅಡಿಕೆ ಮರದ ತುಂಡು, ಎಲ್ಲವೂ ಹಿತ್ತಿಲಿನ ಒಂದು ಮೂಲೆಯನ್ನು ಸೇರುತ್ತವೆ. ಕೆಲವೇ ವಾರಗಳಲ್ಲಿ ಅಲ್ಲಿ ಹುಳು ಹುಪ್ಪಡಿಗಳ ಸಂಸಾರ ಶುರುವಾಗುತ್ತದೆ.

‘ಕಟ್ಟಿಗೆಗೆ ಹುಳು ಬಿದ್ದಿದೆ, ಯಾವ ಔಷಧ ಸಿಂಪಡಿಸಬೇಕು?’ ಎಂದು ರೈತರು ಕೇಳುವುದುಂಟು. ಔಷಧದ ಮಾತಿಗೆ ಮುಂಚೆ ಒಟ್ಟಿಲಿನ ಬುಡವನ್ನು ಹಗಲು ಬೆಳಕಿನಲ್ಲಿ ಒಮ್ಮೆ ಕೂತು ನೋಡುವುದು ಲೇಸು. ಒಳಗಿರುವ ಜೀವಿ ಕಣ್ಣಿಗೆ ಬೀಳುವುದು ಅಪರೂಪ. ಅದು ಬಿಟ್ಟ ಗುರುತುಗಳು ಮಾತ್ರ ಎದುರಿಗೇ ಇರುತ್ತವೆ.

ಹಿಟ್ಟು ಮತ್ತು ತೂತು

ಕಟ್ಟಿಗೆಯ ಕೆಳಗೆ ಹಿಟ್ಟು ಬಿದ್ದಿದ್ದರೆ ಬೆರಳಿನಿಂದ ತಿಕ್ಕಿ ನೋಡಿರಿ. ಗೋದಿ ಹಿಟ್ಟಿನಷ್ಟು ನುಣುಪಾಗಿದ್ದು, ಮೇಲೆ 1 ರಿಂದ 3 ಮಿ.ಮೀ. ಅಗಲದ ದುಂಡು ತೂತುಗಳಿದ್ದರೆ ಅದು ಹಿಟ್ಟು ಕೊರೆಯುವ ಸಣ್ಣ ದುಂಬಿಗಳ ಕೆಲಸ. ಇವುಗಳಿಗೆ ಬೇಕಾದದ್ದು ಮರದ ಹೊರ ಪದರದಲ್ಲಿರುವ ಪಿಷ್ಟ. ಆದುದರಿಂದಲೇ ಸಾಗವಾನಿಯ ಕೆಂಚನೆಯ ತಿರುಳನ್ನು ಮುಟ್ಟದ ಹುಳು ಅದೇ ಮರದ ಬಿಳಿ ಅಂಚನ್ನು ತಿಂದು ಹಾಕುತ್ತದೆ. ಬಿದಿರಿನಲ್ಲಿ ಪಿಷ್ಟ ಹೇರಳ. ಕಡಿದ ಬಿದಿರನ್ನು ಹಾಗೆಯೇ ಒಟ್ಟಿದರೆ ಕೆಲವು ತಿಂಗಳಲ್ಲಿ ಗಳದ ಗೋಡೆ ಜರಡಿಯಾಗಬಹುದು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದ ಕಾರ್ಖಾನೆ ತನ್ನ ಮೊದಲ ದಶಕಗಳಲ್ಲಿ ಈ ಭಾಗದ ಬಿದಿರನ್ನೇ ನೆಚ್ಚಿಕೊಂಡಿತ್ತು. ಹಾಗೆ ಅಂಗಳದಲ್ಲಿ ಬಿದಿರು ಒಟ್ಟುವ ಕಾರ್ಖಾನೆಗಳಿಗೂ ಈ ಹುಳುವಿನ ಕಾಟ ತಪ್ಪಿದ್ದಲ್ಲ.

ಬಿದ್ದ ಹಿಟ್ಟು ಹಳೆಯದೋ ಹೊಸದೋ ತಿಳಿಯಲು ಅದನ್ನು ಗುಡಿಸಿ, ಆ ಜಾಗದಲ್ಲಿ ಒಂದು ಕಪ್ಪು ಕಾಗದ ಹಾಸಿ ಮರುದಿನ ನೋಡಿರಿ. ಹೊಸದಾಗಿ ಬಿದ್ದಿದ್ದರೆ ಆ ತುಂಡುಗಳನ್ನು ಮೊದಲು ಒಲೆಗೆ ಹಾಕಬೇಕು. ಅಂಥ ಬಿದಿರನ್ನು ಮಾಡಿನ ಜಂತಿಗಾಗಲಿ, ಕೊಟ್ಟಿಗೆಯ ತಟ್ಟಿಗಾಗಲಿ ಬಳಸಬಾರದು. ಕಟ್ಟಡಕ್ಕೆಂದು ಕಡಿದ ಬಿದಿರನ್ನು ಕೆರೆ ಅಥವಾ ಹಳ್ಳದ ನೀರಿನಲ್ಲಿ ನಾಲ್ಕು ವಾರಕ್ಕೆ ಕಡಿಮೆಯಿಲ್ಲದಂತೆ ಮುಳುಗಿಸಿಟ್ಟರೆ ಪಿಷ್ಟ ಹಾಗೂ ಸಕ್ಕರೆಯ ಅಂಶ ಕರಗಿ ಹೋಗಿ ಹುಳುವಿನ ಬಾಧೆ ಬಹಳ ತಗ್ಗುತ್ತದೆ. ಹಿರಿಯರು ಮಾಡುತ್ತಿದ್ದ ಈ ಪದ್ಧತಿ ಖರ್ಚಿಲ್ಲದ್ದು, ವಿಜ್ಞಾನಕ್ಕೂ ಒಪ್ಪುವಂಥದ್ದು.

ರಾತ್ರಿ ಕಟ್ಟಿಗೆಯೊಳಗಿಂದ ಕರಕರ ಸದ್ದು ಕೇಳಿಸಿದರೆ ಗಾಬರಿ ಬೇಡ. ಸಿಪ್ಪೆ ಇದ್ದ ಹಸಿ ಮರದಲ್ಲಿ ಉದ್ದ ಮೀಸೆಯ ದುಂಬಿ ಇಟ್ಟ ಮೊಟ್ಟೆಯಿಂದ ಹೊರಬಂದ ಹುಳು ಅದು. ಕಡಿದ ಕೂಡಲೇ ಸಿಪ್ಪೆ ಸುಲಿದರೆ ಅದು ಬರುವುದಿಲ್ಲ, ಕಟ್ಟಿಗೆಯೂ ಬೇಗ ಒಣಗುತ್ತದೆ.

ಮಣ್ಣಿನ ಗೆರೆ

ಗೆದ್ದಲು ಹಿಟ್ಟು ಉದುರಿಸುವುದಿಲ್ಲ, ಮಣ್ಣು ಮೆತ್ತುತ್ತದೆ. ನೆಲಕ್ಕೆ ತಾಗಿದ ತುಂಡಿನ ಮೇಲೆ ಮಣ್ಣಿನ ಸುರಂಗ ಏರಿದ್ದರೆ ಅದನ್ನು ಒಂದು ಕಡೆ ಮುರಿದು ಬಿಡಿ. ಮರುದಿನ ಮತ್ತೆ ಮುಚ್ಚಿದ್ದರೆ ದಾಳಿ ನಡೆದಿದೆಯೆಂದೇ ಅರ್ಥ. ಕಟ್ಟಿಗೆ ಹೋದರೆ ಹೋಗಲಿ; ಒಟ್ಟಿಲು ಮನೆಯ ಗೋಡೆಗೆ ಆತುಕೊಂಡಿದ್ದರೆ ಗೆದ್ದಲಿಗೆ ಅದೇ ಏಣಿ, ಮುಂದಿನ ಊಟ ಬಾಗಿಲಿನ ಚೌಕಟ್ಟು. ಕಬ್ಬು, ಗೋವಿನಜೋಳ ಬೆಳೆಯುವ ಹಳಿಯಾಳದ ಕಡೆ ಹೊಲದ ಬದುವಿನಲ್ಲಿ ಕಟ್ಟಿಗೆ ಒಟ್ಟಿ ಬಿಡುವುದೂ ಒಳ್ಳೆಯದಲ್ಲ. ಕಬ್ಬಿನ ಬಿತ್ತನೆ ತುಂಡಿಗೆ ಗೆದ್ದಲು ಬೀಳುತ್ತದೆಂಬುದು ರೈತರಿಗೆ ಗೊತ್ತಿರುವ ಸಂಗತಿ.

ಕೆಲವರು ಇಂದಿಗೂ ‘ಗ್ಯಾಮಕ್ಸಿನ್ ಪುಡಿ’ ಎಂದು ಕೇಳುತ್ತಾರೆ. ಬಿ.ಎಚ್.ಸಿ. ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿಯೇ ನಿಷೇಧಿಸಲಾಗಿದೆ. ಹೆಸರು ಯಾವುದೇ ಇರಲಿ, ಉರಿಸುವ ಕಟ್ಟಿಗೆಗೆ ಕೀಟನಾಶಕ ಹಾಕುವುದು ಸರ್ವಥಾ ಸಲ್ಲದು. ಅದರ ಹೊಗೆ ಒಲೆಯ ಮುಂದೆ ಕೂತವರ ಎದೆಗೆ ಇಳಿಯುತ್ತದೆ. ಇದಕ್ಕೆ ಬದಲು ಚಿರೆಕಲ್ಲುಗಳನ್ನಿಟ್ಟು, ಅವುಗಳ ಮೇಲೆ ಜಂಬೆ ಅಥವಾ ಮತ್ತಿಯ ಗಟ್ಟಿ ತಿರುಳಿನ ಅಡ್ಡಪಟ್ಟಿ ಹಾಕಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಒಟ್ಟಬೇಕು. ಕಲ್ಲಿನ ಮೇಲೆ ಏರುವ ಮಣ್ಣಿನ ಗೆರೆ ಕಣ್ಣಿಗೆ ಕಾಣುತ್ತದೆ, ಕೋಲಿನಿಂದ ಕೆರೆದರೆ ಸಾಕು. ಮಳೆ ಹೆಚ್ಚಿರುವ ಜೋಯಿಡಾದಲ್ಲಿ ಮೇಲೊಂದು ತಗಡು ಅಥವಾ ಸೋಗೆಯ ಮಾಡೂ ಬೇಕು. ಬದಿಗಳು ಗಾಳಿಗೆ ತೆರೆದಿರಲಿ. ತುಂಡುಗಳ ಮೇಲೆ ಕಿವಿಯಾಕಾರದ ಅಣಬೆ ಎದ್ದಿದ್ದರೆ ಕಟ್ಟಿಗೆಗೆ ನೀರು ತಗಲುತ್ತಿದೆ, ಸಾರ ಹೋಗುತ್ತಿದೆ ಎಂದು ತಿಳಿಯಿರಿ.

ಇಲಿ ಹಿಕ್ಕೆ, ಹಾವಿನ ಪೊರೆ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಕುರುಹುಗಳು ಇವು. ಒಟ್ಟಿಲಿನ ಸಂದಿಯಲ್ಲಿ ಇಲಿಯ ಹಿಕ್ಕೆ, ಕಡಿದ ಭತ್ತದ ಹೊಟ್ಟು ಕಂಡರೆ ಹಾವು ಇಂದಲ್ಲ ನಾಳೆ ಬರುತ್ತದೆ. ಕಣ ಹಾಗೂ ಕಣಜದ ಪಕ್ಕದಲ್ಲೇ ಕಟ್ಟಿಗೆ ಒಟ್ಟುವುದು ಇಲಿಗೆ ಊಟ ವಸತಿ ಎರಡನ್ನೂ ಒದಗಿಸಿದಂತೆ. ಪೊರೆ ಸಿಕ್ಕರೆ ಅದು ಯಾವ ಹಾವಿನದೆಂದು ಪರೀಕ್ಷಿಸುತ್ತಾ ಕೂರುವುದಕ್ಕಿಂತ ಅಲ್ಲಿಗೆ ಮಕ್ಕಳು ಹೋಗದಂತೆ ತಡೆಯುವುದು ಮೊದಲ ಕೆಲಸ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕೂ ಇಂಥ ತಾವುಗಳಲ್ಲಿ ಅಡಗುವುದುಂಟು. ಕಟ್ಟು ಹಾವನ್ನು ಹೋಲುವ ವಿಷವಿಲ್ಲದ ತೋಳ ಹಾವೂ ಇದೆ. ತೋಳ ಹಾವಿನ ಪಟ್ಟೆಗಳು ಕುತ್ತಿಗೆಯ ಬಳಿ ಸ್ಪಷ್ಟವಾಗಿದ್ದು ಬಾಲದ ಕಡೆಗೆ ಮಾಸುತ್ತವೆ. ಕಟ್ಟು ಹಾವಿನಲ್ಲಿ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ಆದರೆ ಈ ವ್ಯತ್ಯಾಸ ದೂರದಿಂದ ನೋಡಿ ತಿಳಿಯಲು ಮಾತ್ರ, ಕೈಹಾಕಲು ಅಲ್ಲ.

ಭಾರತದಲ್ಲಿ 2000 ರಿಂದ 2019ರ ಅವಧಿಯಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂದು ಅಂದಾಜು. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಬೆಳಗಿನ ಜಾವ ಹಂಡೆಗೆ ಉರಿ ಹಾಕಲು ಕತ್ತಲಲ್ಲಿ ಕಟ್ಟಿಗೆ ಎಳೆಯುವವರು ಬಹುಪಾಲು ಮನೆಯ ಹೆಂಗಸರು. ಮರುದಿನಕ್ಕೆ ಬೇಕಾದಷ್ಟನ್ನು ಹಿಂದಿನ ಸಂಜೆ ಬೆಳಕಿರುವಾಗಲೇ ತಂದಿಡುವ ರೂಢಿ ಬೆಳೆದರೆ ಈ ಅಪಾಯ ಎಷ್ಟೋ ಕಡಿಮೆಯಾಗುತ್ತದೆ. ತೆಗೆಯುವ ಮುನ್ನ ಉದ್ದ ಕೋಲಿನಿಂದ ಒಟ್ಟಿಲನ್ನು ತಟ್ಟಬೇಕು, ಮೇಲಿನಿಂದಲೇ ತೆಗೆಯಬೇಕು, ಸಂದಿಯೊಳಗೆ ಬೆರಳು ತೂರಿಸಬಾರದು. ಚೇಳಿಗೂ ಇದೇ ಎಚ್ಚರ. ಕರಿ ಚೇಳಿಗಿಂತ ಸಣ್ಣ ಕೆಂಪು ಚೇಳು ಹೆಚ್ಚು ಅಪಾಯಕಾರಿ.

ಕಡಿತವಾದಲ್ಲಿ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಅಲುಗಾಡದಂತೆ ಪಟ್ಟಿ ಇಟ್ಟು, 108ಕ್ಕೆ ಕರೆ ಮಾಡಿ, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಬೇಕು. ಕಟ್ಟು ಹಾವು ಕಡಿದರೆ ನೋವು, ಊತ ಅತ್ಯಲ್ಪ. ಕೆಲವು ತಾಸಿನ ಮೇಲೆ ಕಣ್ಣಿನ ರೆಪ್ಪೆ ಇಳಿಬೀಳುತ್ತದೆ, ಉಸಿರು ಕಟ್ಟುತ್ತದೆ. ‘ನೋವಿಲ್ಲ, ಬೆಳಗಾಗಲಿ’ ಎಂದು ಕಾದವರು ಉಳಿಯುವುದು ಕಷ್ಟ. ಜೋಯಿಡಾದ ಒಳನಾಡಿನಂಥ ದೂರದ ಹಳ್ಳಿಗಳಲ್ಲಂತೂ ಒಂದೊಂದು ನಿಮಿಷವೂ ಮುಖ್ಯ.

ಬಿಡಬೇಕಾದವು

ಒಟ್ಟಿಲಿನ ಬುಡದ ಹಾವುರಾಣಿ, ನೆಲಗಪ್ಪೆಗಳು ಹುಳು ತಿಂದು ಬದುಕುವಂಥವು, ಇವನ್ನು ಓಡಿಸಬೇಕಾಗಿಲ್ಲ. ಒಣ ಕಟ್ಟಿಗೆಯಲ್ಲಿ ಕಿರುಬೆರಳು ಹಿಡಿಯುವಷ್ಟು ದುಂಡು ತೂತು, ಕೆಳಗೆ ತರಿ ತರಿ ಗರಗಸದ ಪುಡಿ ಇದ್ದರೆ ಅದು ಬಡಗಿ ಜೇನು, ಅಂದರೆ ದೊಡ್ಡ ಕರಿ ಭ್ರಮರ. ಬಿದಿರಿನ ತೆರೆದ ಬಾಯಲ್ಲಿ ಹಸಿರೆಲೆಯ ಚೂರುಗಳನ್ನು ಸುರುಳಿ ಮಾಡಿ ತುರುಕಿದ್ದರೆ ಅದು ಎಲೆ ಕತ್ತರಿಸುವ ಜೇನಿನ ತೊಟ್ಟಿಲು. ತೊಗರಿ ಹೂವನ್ನು ಅದುಮಿ ತೆರೆದು ಪರಾಗ ಸಾಗಿಸಲು ಈ ಎರಡೂ ಸಮರ್ಥ. ಇಂಥ ತುಂಡುಗಳನ್ನು ಒಲೆಗೆ ಹಾಕದೆ, ಗೇಣುದ್ದದ ನಾಲ್ಕಾರು ಬಿದಿರಿನ ಕೊಳವೆಗಳ ಜೊತೆ ಕಟ್ಟಿ ತೊಗರಿ ಅಥವಾ ಅವರೆ ಹೊಲದ ಬದುವಿನ ಮರಕ್ಕೆ, ಮಳೆ ತಾಗದಂತೆ ತೂಗು ಹಾಕಿರಿ. ಗುಲಾಬಿ ಗಿಡದ ಎಲೆಯಂಚು ನಾಣ್ಯದಂತೆ ದುಂಡಾಗಿ ಕತ್ತರಿಸಿ ಹೋಗಿದ್ದರೆ ಅದೂ ಇದೇ ಜೇನಿನ ಕೆಲಸ. ಕಂಬಳಿ ಹುಳುವೆಂದು ಭಾವಿಸಿ ಔಷಧ ಹೊಡೆಯಬೇಡಿರಿ.